ಮೋಲ್ ಅಂದ್ರೆ ಮಚ್ಚೆನಾ, ಪ್ರಾಣಿನಾ, ಇಲ್ಲಾ ಕೆಮಿಸ್ಟ್ರಿ ಲೆಕ್ಕಾನಾ?

ಮಗಳ_ಅಪ್ಪ:
ನಮಸ್ಕಾರ ಎಲ್ರಿಗೂ. ಮಗಳು ಈ ವರ್ಷ ಫಸ್ಟ್ ಪಿಯುಸಿ ಸೈನ್ಸು. ನಿನ್ನೆ ರಾತ್ರಿ ಊಟಕ್ಕೆ ಕೂತಿರೋವಾಗ ಕೆಮಿಸ್ಟ್ರಿ ಬುಕ್ಕು ಹಿಡ್ಕೊಂಡು ಬಂದ್ಲು, "ಅಪ್ಪ, ಸ್ಕೂಲ್ ಫಾರಂನಲ್ಲಿ ಗುರುತಿನ ಚಿಹ್ನೆ ಅನ್ನೋ ಕಡೆ ಎಡಗೆನ್ನೆ ಮೇಲೆ ಬ್ಲ್ಯಾಕ್ ಮೋಲ್ ಅಂತ ಬರ್ದಿದ್ಯಲ್ಲ, ಆ ಮೋಲ್ ಇಲ್ಲಿಗ್ಯಾಕೆ ಬಂತು" ಅಂತ. ನಾನು ಕಾಮರ್ಸು, ಏನ್ ಹೇಳ್ಲಿ. ಮೋಲ್ ಅಂದ್ರೆ ಚಿಕ್ಕದು, ಮಚ್ಚೇನೂ ಚಿಕ್ಕದು ಅಣುನೂ ಚಿಕ್ಕದು ಅದಕ್ಕೇ ಇರ್ಬೇಕು ಅಂತ ಬಿಟ್ಟೆ ಒಂದು ಬಾಣ, ಅವಳು ನಂಬಿಲ್ಲ. ಹೆಂಡ್ತಿ ಬೇರೆ ಮೋಲ್ ಅಂದ್ರೆ ನೆಲ ತೋಡೋ ಪ್ರಾಣಿ ಅಲ್ವಾ ಅಂದ್ಲು. ನಿಜ ಹೇಳ್ಬೇಕಂದ್ರೆ ನಾನು ಏಳನೇ ಕ್ಲಾಸ್‌ವರೆಗೂ ಮೋಲ್ ಅಂದ್ರೆ ನಮ್ಮ ಮೊಲಾನೇ ಅನ್ಕೊಂಡಿದ್ದೆ, ಒಂದು ಇಂಗ್ಲಿಷ್ ಪಾಠದಲ್ಲಿ ಅದು ಬಿಲದೊಳಗೆ ಹೋದಾಗಲೂ ಡೌಟ್ ಬರ್ಲಿಲ್ಲ. ಇವೆಲ್ಲಾ ಒಂದೇ ಪದಾನಾ? ತಿಳಿದೋರು ಹೇಳಿ, ಮರ್ಯಾದೆ ಪ್ರಶ್ನೆ.

ಧಾರವಾಡ_ಮಾಸ್ತರ:
ಮಗಳು ಭಾಳ ಛಲೋ ಪ್ರಶ್ನೆ ಕೇಳ್ಯಾಳ ನೋಡ್ರಿ. ಒಂದು ಪದಕ್ಕ ಐದಾರು ಅರ್ಥ ಅಲ್ರೀ ಇದು, ಐದಾರು ಬ್ಯಾರೆ ಬ್ಯಾರೆ ಪದ ಬಂದು ಒಂದ ಸ್ಪೆಲಿಂಗಿನ್ಯಾಗ ಕುಂತಾವ. ದೊಡ್ಡ ಡಿಕ್ಷನರಿ ತಗದು ನೋಡಿದ್ರ ಮೋಲ್ ಅನ್ನೋದಕ್ಕ ಒಂದು, ಎರಡು, ಮೂರು ಅಂತ ಬ್ಯಾರೆ ನಂಬರ್ ಹಾಕಿರ್ತಾರ. ನಮ್ಮಲ್ಲೂ ಐತಲ್ಲ, ಹಪ್ಪಳ ಕರಿ ಅಂದ್ರ ಎಣ್ಣ್ಯಾಗ ಬಿಡೋದು, ಕರಿ ಹಲಗಿ ಅಂದ್ರ ಬಣ್ಣ, ಕಾವ್ಯದಾಗ ಕರಿ ಅಂದ್ರ ಆನಿ. ಆನಿ ಕಪ್ಪಗಿರ್ತದ ಅದಕ್ಕ ಕರಿ ಅಂತಾರ ಅಂತ ನನ್ನ ಒಬ್ಬ ಹುಡುಗ ಉತ್ತರ ಬರದಿದ್ದ. ತಪ್ಪು, ಅದು ಸಂಸ್ಕೃತ, ಕರ ಅಂದ್ರ ಸೊಂಡಿಲು, ಸೊಂಡಿಲು ಇದ್ದದ್ದು ಕರಿ. ಆದ್ರೂ ಅರ್ಧ ಮಾರ್ಕ್ಸ್ ಕೊಟ್ಟೆ. ನೀವು ಮಗಳಿಗೆ ಹೇಳಿದ್ದೂ ಇದ ಜಾತಿದು, ಬೇಜಾರ ಮಾಡ್ಕೋಬ್ಯಾಡ್ರಿ.

ಈಗ ಮಚ್ಚಿ. ಅದು ಹಳೇ ಇಂಗ್ಲಿಷಿನ ಮಾಲ್ ಅನ್ನೋ ಪದ, ಕಲಿ, ಚುಕ್ಕಿ ಅಂತ ಅರ್ಥ. ಪ್ರಾಣಿದು ಬ್ಯಾರೆ ಕಥಿ. ಅದಕ್ಕ ಮೋಲ್ಡ್‌ವಾರ್ಪ್ ಅಂತ ಇನ್ನೊಂದು ಹಳೇ ಹೆಸರಿತ್ತು, ಮೋಲ್ಡ್ ಅಂದ್ರ ಮಣ್ಣು, ವಾರ್ಪ್ ಅಂದ್ರ ಒಗಿಯೋದು, ಒಟ್ಟು ಮಣ್ಣು ತೂರೋದು ಅಂತ. ಜರ್ಮನ್ನರು ಇವತ್ತಿಗೂ ಮೌಲ್‌ವುರ್ಫ್ ಅಂತಾರ. ಇಲಿ ಜಾತಿ ಅಲ್ಲ ಅದು, ಎರಿಹುಳ ತಿಂತದ. ನಮ್ಮ ಕಡೆ ಇಲ್ಲ, ಅದಕ್ಕ ಕನ್ನಡದಾಗ ಬಾಯಿಗೆ ಬರೋ ಹೆಸರೂ ಇಲ್ಲ, ಮೊಲ ಅಂದ್ಕೊಂಡಿದ್ದು ನಿಮ್ಮ ತಪ್ಪಲ್ಲ.

ಮಜಾ ಏನಂದ್ರ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೊದಲನೇ ಅಂಕದಾಗ ಎರಡೂ ಬರ್ತಾವ. ಮನುಷ್ಯನ ಹುಟ್ಟುಗುಣದಾಗಿನ ಒಂದು ಕಲಿ ಅನ್ನೋದಕ್ಕ ಮೋಲ್ ಅಂತಾನ, ಮುಂದಿನ ದೃಶ್ಯದಾಗ ನೆಲದ ಕೆಳಗಿಂದ ಅಪ್ಪನ ಭೂತ ಕೂಗಿದ್ರ ಏ ಮುದಿ ಮೋಲೇ, ಎಷ್ಟು ಲಗು ಮಣ್ಣು ತೋಡ್ತಿ ಅಂತಾನ. ಕ್ಲಾಸಿನ್ಯಾಗ ಇದನ್ನ ಹೇಳಿದ್ರ ಹಿಂದಿನ ಬೆಂಚಿನವ್ರೂ ಎದ್ದು ಕೂಡ್ತಿದ್ರು.

ಇನ್ನೊಂದು. 1702ರಾಗ ಇಂಗ್ಲೆಂಡಿನ ರಾಜ ಮೂರನೇ ವಿಲಿಯಂನ ಕುದುರಿ ಮೋಲ್ ಎಬ್ಬಿಸಿದ ಮಣ್ಣಗುಡ್ಡಿಗೆ ಎಡವಿತು ಅಂತಾರ, ರಾಜ ಬಿದ್ದು ಕೊರಳ ಹತ್ರದ ಎಲುಬು ಮುರಕೊಂಡ, ಸ್ವಲ್ಪ ದಿನಕ್ಕ ಸತ್ತ. ಅವನ ವಿರೋಧಿಗಳು ಕುಡಿಯಾಕ ಕುಂತಾಗ "ಕರಿ ಮಖಮಲ್ಲು ಉಟ್ಟ ಸಣ್ಣ ಸಾಹೇಬ್ರಿಗೆ" ಅಂತ ಗ್ಲಾಸ್ ಎತ್ತತಿದ್ರಂತ. ಸಾಹೇಬ್ರು ಅಂದ್ರ ಮೋಲ್!

ಲ್ಯಾಬ್_ಕೋಟು:
ಮೇಷ್ಟ್ರೇ ಸೂಪರ್. ಕೆಮಿಸ್ಟ್ರಿ ಭಾಗ ನಾನು ಹೇಳ್ತೀನಿ, ಹನ್ನೊಂದು ವರ್ಷದಿಂದ ಪಿಯು ಮಕ್ಕಳಿಗೆ ಇದನ್ನೇ ಪಾಠ ಮಾಡ್ತಿದೀನಿ, ಪ್ರತಿ ವರ್ಷ ಯಾರಾದ್ರೂ ಒಬ್ರು ಮಚ್ಚೆ ಜೋಕ್ ಹೊಡೀತಾರೆ.

ಜರ್ಮನಿಯ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1890ರ ದಶಕದಲ್ಲಿ ಮೋಲ್ ಅನ್ನೋದನ್ನ ಬಳಕೆಗೆ ತಂದ, ಮಾಲೆಕ್ಯೂಲ್ ಅನ್ನೋದರ ಬಾಲ ಕತ್ತರಿಸಿದ ಹಾಗೆ. ತಮಾಷೆ ಅಂದ್ರೆ ಆಗ ಅವನಿಗೆ ಅಣು ಪರಮಾಣು ನಿಜವಾಗ್ಲೂ ಇವೆ ಅನ್ನೋದ್ರಲ್ಲೇ ನಂಬಿಕೆ ಇರ್ಲಿಲ್ಲ, ಆಮೇಲೆ ಒಪ್ಕೊಂಡ, 1909ರಲ್ಲಿ ನೊಬೆಲ್ಲೂ ಬಂತು. ಈಗ ಮಾಲೆಕ್ಯೂಲ್ ಅಂದ್ರೆ ಏನು? ಲ್ಯಾಟಿನ್‌ನಲ್ಲಿ ಮೋಲೆಸ್ ಅಂದ್ರೆ ದೊಡ್ಡ ರಾಶಿ, ಭಾರ. ಅದರ ಪುಟಾಣಿ ರೂಪ ಮಾಲೆಕ್ಯೂಲ್, ಪುಟ್ಟ ರಾಶಿ. ಹಾಗಾಗಿ ಸರ್, ಮೋಲ್ ಅಂದ್ರೆ ಚಿಕ್ಕದು ಅಂದ್ರಲ್ಲ, ಮೂಲದಲ್ಲಿ ನೋಡಿದ್ರೆ ಪೂರ್ತಿ ಉಲ್ಟಾ.

ಮಗಳಿಗೆ ಹೀಗೆ ಹೇಳಿ, ಡಜನ್ ಅಂದ್ರೆ 12 ಬಾಳೆಹಣ್ಣು ಹೇಗೋ ಮೋಲ್ ಅಂದ್ರೆ 6.022ರ ಮುಂದೆ ಗುಣಿಸು ಹತ್ತರ ಘಾತ 23 ಅಷ್ಟು ಕಣ. 18 ಗ್ರಾಂ ನೀರು, ಅಂದ್ರೆ ಒಂದು ದೊಡ್ಡ ಚಮಚಕ್ಕಿಂತ ಚೂರು ಜಾಸ್ತಿ, ಅಷ್ಟರಲ್ಲಿ ಅಷ್ಟು ಅಣು ಇರುತ್ತೆ. ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಅಂತಿತ್ತು, 2019ರ ಮೇ 20ರಿಂದ ಸಂಖ್ಯೆನೇ ಫಿಕ್ಸ್ ಮಾಡಿಬಿಟ್ರು. ನಾವು ಓದಿದ್ದನ್ನೇ ಬಾಯಿಪಾಠ ಒಪ್ಪಿಸೋ ಅಪ್ಪಂದಿರು ಇದನ್ನ ಗಮನಿಸಿ.

ಕಡಲ_ಬದಿ:
ಲ್ಯಾಬ್ ಕೋಟು ಹೇಳಿದ ಆ ಮೋಲೆಸ್ ಉಂಟಲ್ಲ, ಅದೇ ನಮ್ಮ ಕೆಲಸದ್ದು ಮಾರಾಯ್ರೆ. ನಾನು ಹಡಗಿನಲ್ಲಿ ಎಂಜಿನಿಯರ್. ಬಂದರಿನ ಬಾಯಲ್ಲಿ ಅಲೆ ತಡೀಲಿಕ್ಕೆ ಸಮುದ್ರಕ್ಕೆ ಕಲ್ಲು ಹಾಕಿ ಕಟ್ತಾರಲ್ಲ, ಮಂಗಳೂರಲ್ಲಿ ನಾವು ಬ್ರೇಕ್‌ವಾಟರ್ ಹೇಳುವುದು, ಯುರೋಪಿನ ಎಷ್ಟೋ ಬಂದರಲ್ಲಿ ಅದಕ್ಕೆ ಮೋಲ್ ಹೇಳ್ತಾರೆ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ 3,38,000ಕ್ಕಿಂತ ಹೆಚ್ಚು ಸೈನಿಕರನ್ನು ಸಾಗಿಸಿದ್ರಲ್ಲ, ಎಲ್ಲರೂ ಸಣ್ಣ ಸಣ್ಣ ದೋಣಿ ಕಥೆಯನ್ನೇ ಹೇಳುವುದು, ಆದ್ರೆ ಹೆಚ್ಚಿನವರು ಹಡಗು ಹತ್ತಿದ್ದು ಬಂದರಿನಿಂದ, ಮುಖ್ಯವಾಗಿ ಪೂರ್ವದ ಮೋಲ್‌ನಿಂದ. ಅದು ಹಡಗು ಕಟ್ಲಿಕ್ಕೆ ಮಾಡಿದ್ದೇ ಅಲ್ಲ, ಉದ್ದಕ್ಕೆ ಅಲೆ ತಡೀಲಿಕ್ಕೆ ಮಾಡಿದ್ದು. ಇಟಲಿಯ ಟ್ಯೂರಿನ್‌ನಲ್ಲಿ 167 ಮೀಟರ್ ಎತ್ತರದ ಒಂದು ಕಟ್ಟಡ ಉಂಟು, ಅದರ ಹೆಸರೂ ಮೋಲೆ ಅಂತೆಯೇ. ಮತ್ತೆ ರಾಜಕಾಲುವೆ ಒತ್ತುವರಿ ಸುದ್ದಿಯಲ್ಲಿ ದಿನಾ ಕೇಳ್ತೀರಲ್ಲ ಡೆಮಾಲಿಷ್, ಅದರೊಳಗೂ ಇದೇ ಮೋಲೆಸ್ ಕೂತಿದೆ. ಕಟ್ಟಿದ ರಾಶಿಯನ್ನು ಕೆಡವುವುದು.

ಹ್ಯೂಸ್ಟನ್_ಹುಡುಗಿ:
ಊಟದ್ದು ಬಿಟ್ರಲ್ಲ ಎಲ್ರೂ 😄 ಮೆಕ್ಸಿಕನ್ ಹೋಟ್ಲಲ್ಲಿ ಮೆನು ನೋಡಿ "ಚಿಕನ್ ವಿತ್ ಮೋಲ್" ಅಂತ ಓದಿ ಬೆಚ್ಚಿಬಿದ್ದಿದ್ದೆ ಬಂದ ಹೊಸತರಲ್ಲಿ. ಅದನ್ನ ಮೋಲೆ ಅಂತ ಓದ್ಬೇಕು. ಅಸ್ಟೆಕ್ ಜನ ಆಡ್ತಿದ್ದ ನಹುವಾಟ್ಲ್ ಭಾಷೆಯಲ್ಲಿ ಮೋಲ್ಲಿ ಅಂದ್ರೆ ಸಾರು, ಗೊಜ್ಜು ಥರ. ಗ್ವಾಕಮೋಲೆ ಕೊನೇಲಿ ಇರೋದೂ ಅದೇ, ನಮ್ಮ ಬೆಣ್ಣೆಹಣ್ಣಿನ ಗೊಜ್ಜು ಅನ್ಕೊಳ್ಳಿ. ಪುಯೆಬ್ಲಾ ಊರಿನ ಮೋಲೆಗೆ ಒಣಮೆಣಸಿನಕಾಯಿ, ಎಳ್ಳು, ಚಕ್ಕೆ ಲವಂಗ, ಜೊತೆಗೆ ಚಾಕೊಲೇಟು ಎಲ್ಲಾ ಹಾಕ್ತಾರೆ, ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ಎಳ್ಳು ಲವಂಗದವರೆಗೂ ಹ್ಞೂಂ ಹ್ಞೂಂ ಅಂತಿದ್ದೋರು ಚಾಕೊಲೇಟ್ ಅಂದಿದ್ದೇ ಫೋನ್ ಅಪ್ಪನ ಕೈಗೆ ಕೊಟ್ರು. ಮಸಾಲೆನ ಕಲ್ಲಲ್ಲಿ ಅರೀತಾರೆ, ಸ್ಪ್ಯಾನಿಷ್‌ನಲ್ಲಿ ಅರೆಯೋದಕ್ಕೆ ಮೋಲೆರ್ ಅಂತಾರೆ, ಅದಕ್ಕೆ ಹೆಸರು ಅಲ್ಲಿಂದ ಬಂತು ಅಂತ ಇಲ್ಲಿ ಸುಮಾರು ಜನ ಅಂದ್ಕೊಂಡಿದಾರೆ. ಅಲ್ಲ! ಮಾಸ್ತರ ಹುಡುಗನ ಕಪ್ಪು ಆನೆ ಕೇಸೇ ಇದು.

ರಾತ್ರಿಪಾಳಿ:
ಗೂಢಚಾರ? ಶತ್ರು ಆಫೀಸೊಳಗೇ ವರ್ಷಗಟ್ಟಲೆ ಸುಮ್ನೆ ಕೂತು ಮಾಹಿತಿ ಸಾಗಿಸೋನು. ಅದೂ ಮೋಲ್.

ಧಾರವಾಡ_ಮಾಸ್ತರ:
@ರಾತ್ರಿಪಾಳಿ ಹೌದ್ರೀ, ಆದ್ರ ಅದಕ್ಕ ಬ್ಯಾರೆ ನಂಬರ್ ಇಲ್ಲ, ಅದು ಪ್ರಾಣಿ ಮೋಲಿನ ಕೆಳಗನ ಬರ್ತದ, ನೆಲದ ಒಳಗ ಕಾಣದಂಗ ತೋಡತದಲ್ಲ ಅದಕ್ಕ. ಒಂದ ಪದ, ಅರ್ಥ ಬೆಳದದ್ದು. ಫ್ರಾನ್ಸಿಸ್ ಬೇಕನ್ 1622ರಾಗ ಆಗಲೇ ಒಳಸಂಚಿನವರಿಗೆ ಹಂಗ ಅಂದಿದ್ದ, ಎಲ್ಲಾರ ಬಾಯಿಗೆ ಬಂದದ್ದು ಮಾತ್ರ 1974ರಾಗ ಜಾನ್ ಲ ಕಾರೆ ಕಾದಂಬರಿ ಬಂದ ಮ್ಯಾಲ.

ಮಗಳ_ಅಪ್ಪ:
ಅಬ್ಬಾ. ಎಲ್ರಿಗೂ ಥ್ಯಾಂಕ್ಸ್. ಎಲ್ಲಾ ಓದಿ ಹೇಳ್ದೆ ಮಗಳಿಗೆ, ಕುದುರೆ ಕಥೆ ಎರಡು ಸಲ ಹೇಳಿಸ್ಕೊಂಡ್ಲು. ಆಮೇಲೆ ತಕ್ಷಣ, ಹಾಗಾದ್ರೆ ಮೋಲಾರ್ ಸೊಲ್ಯೂಷನ್ನಿಗೂ ಬಾಯೊಳಗಿರೋ ಮೋಲಾರ್ ಹಲ್ಲಿಗೂ ಏನ್ ಸಂಬಂಧ ಅಂತೆ. ನಾನು ಈ ಸಲ ಬಾಣ ಬಿಟ್ಟಿಲ್ಲ, ಇಲ್ಲಿಗೇ ಬಂದೆ.

ವಾರ್ಡ್_ನಂಬರ್_6:
ಸಂಬಂಧ ಇಲ್ಲ ಸರ್. ದವಡೆ ಹಲ್ಲಿಂದು ಲ್ಯಾಟಿನ್‌ನ ಮೋಲಾ, ಅಂದ್ರೆ ಬೀಸೋ ಕಲ್ಲು. ಅಕ್ಕ ಹೇಳಿದ್ರಲ್ಲ ಸ್ಪ್ಯಾನಿಷ್ ಮೋಲೆರ್, ಅದು ಈ ಮನೆಯದೇ. ನಾನು ಸ್ಟಾಫ್ ನರ್ಸ್, ನಮ್ಮಲ್ಲಿ ಮೋಲಾರ್ ಪ್ರೆಗ್ನೆನ್ಸಿ ಅಂತ ಕೇಸ್ ಬರುತ್ತೆ, ಮಗು ಬೆಳೆಯೋ ಬದಲು ಗರ್ಭಕೋಶದಲ್ಲಿ ದ್ರಾಕ್ಷಿ ಗೊಂಚಲಿನ ಥರ ನೀರುಗುಳ್ಳೆ ಬೆಳೆಯುತ್ತೆ, ಅದಕ್ಕೂ ಮೋಲ್ ಅಂತಾರೆ, ಅದೂ ಅದೇ ಬೀಸೋ ಕಲ್ಲಿಂದ ಬಂದಿದ್ದು. ಒಂದ್ಸಲ ಒಬ್ಬ ಅಜ್ಜಿ ಡಾಕ್ಟ್ರು ಮೋಲ್ ಅಂದಿದ್ದು ಕೇಳಿಸ್ಕೊಂಡು ಹೊರಗೆ ಬಂದು "ಮಚ್ಚೆ ಅಂತೆ, ಏನೂ ಆಗಲ್ಲ" ಅಂತ ಎಲ್ರಿಗೂ ಸಮಾಧಾನ ಹೇಳ್ತಿದ್ರು. ಕೂರಿಸಿ ವಿವರಿಸಿ ಹೇಳೋಕೆ ಅರ್ಧ ಗಂಟೆ ಆಯ್ತು ನನಗೆ.

ಮಗಳ_ಅಪ್ಪ:
ಅಯ್ಯೋ ಪಾಪ ಅಜ್ಜಿ. ಹಲ್ಲು, ಬೀಸೋ ಕಲ್ಲು ಎರಡೂ ನೋಟ್ಸ್‌ನಲ್ಲಿ ಬರ್ಕೊಂಡ್ಲು ಮಗಳು. ಮೋಲಾರಿಟಿ ಲೆಕ್ಕ ಮಾತ್ರ ಇನ್ನೂ ಬಂದಿಲ್ಲ, ಲ್ಯಾಬ್ ಕೋಟು ಸರ್ ಭಾನುವಾರ ಫ್ರೀ ಇದೀರಾ?