ನೆಲ ಒಡೆಯದೆ ಆಫೀಸಿಗೆ ಕೇಬಲ್ ಎಳೆಯುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಹಳೇ ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಲೆಕ್ಕಪತ್ರದ ಆಫೀಸ್ ಇದೆ. ರೆಡ್ ಆಕ್ಸೈಡ್ ನೆಲ. ಒಡೆಯಲು ಮಾಲೀಕರು ಒಪ್ಪುವುದಿಲ್ಲ. ಹನ್ನೆರಡು ಮೇಜು ಒತ್ತೊತ್ತಾಗಿವೆ. ನೆಟ್‌ವರ್ಕ್ ಕೇಬಲ್ ಎಲ್ಲ ನೆಲದ ಮೇಲೇ ಬಿದ್ದಿದೆ, ಕುರ್ಚಿ ಚಕ್ರ ಅದರ ಮೇಲೇ ಓಡಾಡುತ್ತೆ. ಎರಡು ಕಂಪ್ಯೂಟರಿನಲ್ಲಿ ಮಾತ್ರ ಫೈಲ್ ತೆರೆಯೋಕೆ ತುಂಬಾ ಹೊತ್ತು ಹಿಡಿಯುತ್ತೆ. ಏನು ಮಾಡಬಹುದು?

ಉತ್ತರ, ಶಿವಮೊಗ್ಗದಿಂದ (ಕೇಬಲಿಂಗ್ ಕೆಲಸ ಮಾಡುವವನು): ಸಾರ್, ಮೊದಲು ಆ ಎರಡು ಕಂಪ್ಯೂಟರ್ ನೋಡಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತೆ. ಉಳಿದವಕ್ಕೆ 1000 ತೋರಿಸಿ ಇವಕ್ಕೆ ಮಾತ್ರ 100 ಎಂಬಿಪಿಎಸ್ ತೋರಿಸಿದರೆ ಕೇಬಲ್ ಮೇಲೇ ಮೊದಲ ಅನುಮಾನ. ಒಂದು ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇರುತ್ತೆ. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಕುರ್ಚಿ ಹತ್ತಿ ಉಳಿದೆರಡು ಜೋಡಿಯಲ್ಲಿ ಒಂದು ಎಳೆ ತುಂಡಾದರೂ ಇಂಟರ್ನೆಟ್ ಬರ್ತಾನೇ ಇರುತ್ತೆ, ನಿಧಾನ ಆಗುತ್ತೆ ಅಷ್ಟೆ. ಹಾಗಾಗಿ ಯಾರೂ ಕೇಬಲ್ ಕಡೆ ನೋಡುವುದೇ ಇಲ್ಲ, ಕಂಪ್ಯೂಟರನ್ನೇ ಬೈತಾರೆ. ಮೇಜಿನ ಹತ್ತಿರ ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ತುಂಡು ಕೇಬಲ್ (ಪ್ಯಾಚ್ ಕಾರ್ಡ್) ಬದಲಿಸಿ ನೋಡಿ. ಆಮೇಲೆ ಉದ್ದನೆ ಕೇಬಲ್.

ಇನ್ನು ಜಾಗದ ವಿಷಯ. ಹನ್ನೆರಡು ಕೇಬಲ್ ಎಲ್ಲಿ ಬಚ್ಚಿಡಲಿ ಅಂತ ಯೋಚಿಸಬೇಡಿ. ಹನ್ನೆರಡು ಯಾಕೆ ಬೇಕು ಅಂತ ಕೇಳಿಕೊಳ್ಳಿ. ನಾಲ್ಕು ನಾಲ್ಕು ಮೇಜು ಒಂದು ಗುಂಪು ಮಾಡಿ, ಪ್ರತಿ ಗುಂಪಿನ ಮೇಜಿನಡಿ ಒಂದು 8 ಪೋರ್ಟಿನ ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ (ಒಂದು ಕೇಬಲಿನ ಸಂಪರ್ಕವನ್ನು ಹಲವು ಕಂಪ್ಯೂಟರಿಗೆ ಹಂಚುವ ಚಿಕ್ಕ ಪೆಟ್ಟಿಗೆ) ಸ್ಕ್ರೂ ಹಾಕಿ ಕೂರಿಸಿ. ಆಗ ನೆಲ ದಾಟುವುದು ಮೂರೇ ಕೇಬಲ್. ಲೆಕ್ಕಪತ್ರದ ಕೆಲಸಕ್ಕೆ ಆ ವೇಗ ಧಾರಾಳ. ಸ್ವಿಚ್‌ಗೆ ಯುಪಿಎಸ್ ಲೈನಿನಿಂದಲೇ ಕರೆಂಟ್ ಕೊಡಿ. ಒಂದು ವಿಷಯ ಮರೆಯಬೇಡಿ: ಒಂದು ತುದಿ ಸ್ವಿಚ್‌ನಲ್ಲೇ ಇರುವ ಕೇಬಲಿನ, ಕಸ ಗುಡಿಸುವಾಗ ಬಿಚ್ಚಿಕೊಂಡ ಇನ್ನೊಂದು ತುದಿಯನ್ನು ಯಾರಾದರೂ ಅದೇ ಸ್ವಿಚ್‌ನ ಇನ್ನೊಂದು ಪೋರ್ಟಿಗೆ ಚುಚ್ಚಿದರೆ ಇಡೀ ಆಫೀಸಿನ ನೆಟ್‌ವರ್ಕ್ ನಿಂತುಹೋಗಬಹುದು. ಎರಡೂ ತುದಿಗೆ ನಂಬರ್ ಬರೆದು ಅಂಟಿಸಿ.

ಆ ಮೂರು ಕೇಬಲನ್ನು ಆದಷ್ಟು ಗೋಡೆ ಬದಿಯಲ್ಲೇ, ಸ್ಕರ್ಟಿಂಗ್ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿಯಲ್ಲಿ ತನ್ನಿ. ಪಟ್ಟಿಗೆ ಅಂಟು ಟೇಪ್ ಬೇಡ. ನಮ್ಮ ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಕಿತ್ತು ಬರುತ್ತೆ, ಸ್ಕ್ರೂನೇ ಹೊಡೆಸಿ. ಓಡಾಡುವ ಜಾಗ ದಾಟಲೇಬೇಕಾದ ಕಡೆ ಮಾತ್ರ, ಎರಡೂ ಅಂಚು ಇಳಿಜಾರಾಗಿರುವ ಗಟ್ಟಿ ಪಟ್ಟಿ ಹಾಕಿ. ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಿಸಬೇಡಿ. ಬಾಗುವ ಕಡೆ ತ್ರಿಜ್ಯ ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲಿಗೆ ಅದು ಸುಮಾರು 25 ಮಿ.ಮೀ. ಕರೆಂಟ್ ವೈರ್ ಇರುವ ಪಟ್ಟಿಯಲ್ಲೇ ಇದನ್ನೂ ತುರುಕುತ್ತೇನೆ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಒಪ್ಪಲೇಬೇಡಿ. ಎರಡೂ ದಾಟಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡುವುದು ಬೇಡ.

ಉತ್ತರ, ಸಾಗರದಿಂದ: ಅಣ್ಣ ಹೇಳಿದ್ದು ಸರಿ. ನಮ್ಮದು ಅಡಿಕೆ ಮಂಡಿ, ಹಳೇ ಮನೆ. ನೆಲದ ಗೊಡವೆಗೇ ಹೋಗದೆ ಅಟ್ಟದ ಮೇಲೆ ಕೇಬಲ್ ತಂದು ಕಂಬದ ಪಕ್ಕ ಪೈಪಲ್ಲಿ ಕೆಳಗಿಳಿಸಿದೆವು. ಅಟ್ಟ ಅಂದರೆ ಇಲಿ ಇದ್ದೇ ಇರುತ್ತೆ, ಅದಕ್ಕೇ ಅಲ್ಲೂ ಪೂರ್ತಿ ಪೈಪ್ ಒಳಗೇ ಇದೆ. ಪೈಪ್ ಅರ್ಧಕ್ಕಿಂತ ಕಮ್ಮಿ ತುಂಬಿಸಿ, ಮುಂದೆ ಇನ್ನೊಂದು ಕೇಬಲ್ ಎಳೆಯೋಕೆ ಒಳಗೊಂದು ನೈಲಾನ್ ದಾರ ಬಿಟ್ಟಿಡಿ.

ಕೇಬಲ್ ಕೊಳ್ಳುವಾಗ ತುದಿ ಕತ್ತರಿಸಿ, ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನದ ಅಲ್ಯೂಮಿನಿಯಂ. ರೇಟ್ ಕಮ್ಮಿ, ಆದರೆ ಬಾಗಿಸಿದಾಗ ಬೇಗ ಮುರಿಯುತ್ತೆ. ಇಕ್ಕಟ್ಟಾದ ಜಾಗಕ್ಕೆ ಅದು ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ನೋಡಿದೆ ಸಾರ್, ಎರಡಕ್ಕೂ 100 ಅಂತಲೇ ಇದೆ! ಒಂದರಲ್ಲಿ ಕುರ್ಚಿ ಕೆಳಗಿನ ಕೇಬಲ್ ಚಪ್ಪಟೆಯಾಗಿ ಮೇಲಿನ ಸಿಪ್ಪೆ ಬಿರಿದಿದೆ. ಮೂರು ಸ್ವಿಚ್‌ನ ಯೋಚನೆ ನಮಗೆ ಹಿಡಿಸಿತು. ಇನ್ನೊಂದು ಕೇಳಬೇಕಿತ್ತು. ಅಂಗಳದ ಆಚೆ ಇರುವ ಕಡತದ ಕೋಣೆಗೂ ಒಂದು ಕೇಬಲ್ ಬೇಕು. ಅದೇ ಕ್ಯಾಟ್ 6 ಹೊರಗಿಂದ ಎಳೆಯಬಹುದಾ?

ಉತ್ತರ, ತೀರ್ಥಹಳ್ಳಿಯಿಂದ: ಬೇಡ ಮಾರಾಯ್ರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆದರೆ, ಏಪ್ರಿಲ್-ಮೇ ಗುಡುಗಿನ ಹೊತ್ತಿಗೆ ಸಿಡಿಲಿನ ಹೊಡೆತ ಅದರಲ್ಲೇ ಒಳಗೆ ಬರುತ್ತೆ. ಹತ್ತಿರ ಎಲ್ಲೋ ಬಿದ್ದರೂ ಸಾಕು, ಎರಡೂ ಕಡೆ ಪೋರ್ಟ್ ಸುಡಬಹುದು. ಲೋಹದ ತಂತಿಯೇ ಇಲ್ಲದ ಫೈಬರ್ ಹಾಕಿಸಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಚಿಕ್ಕ ಪೆಟ್ಟಿಗೆ). ಗೋಡೆ ಒಳಗೆ ಹೋಗುವ ಮುಂಚೆ ಕೇಬಲನ್ನು ತೂತಿಗಿಂತ ಕೆಳಗೆ ಸ್ವಲ್ಪ ಜೋತು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ.