ಕ್ಯೋಟೋದಲ್ಲಿ ಮಕ್ಕಳದೇ ಕಾರುಬಾರು: ಮನೆ ಗುಂಪಿನ ಜಟಾಪಟಿ

ದೊಡ್ಡಪ್ಪ: *ಹಲವು ಬಾರಿ ಫಾರ್ವರ್ಡ್ ಆಗಿದೆ*
🚨 ಪೋಷಕರೇ ಎಚ್ಚರ!! ಜಪಾನಿಗೆ ಶೈಕ್ಷಣಿಕ ಪ್ರವಾಸ ಹೋದ ಹತ್ತನೇ ಕ್ಲಾಸಿನ ಮಕ್ಕಳ ಕೈಗೇ ಇಡೀ ಒಂದು ದಿನ ಒಪ್ಪಿಸಿಬಿಟ್ಟರಂತೆ! ದಾರಿ, ದುಡ್ಡು, ಟೈಮು ಎಲ್ಲಾ ಮಕ್ಕಳದ್ದೇ. ಟೀಚರುಗಳು ಸುಮ್ಮನೆ ಹಿಂದೆ ನಡೆದರು. ಕ್ಯೋಟೋ ಸ್ಟೇಷನ್ನಿನಲ್ಲಿ 24 ಮಕ್ಕಳೂ ತಪ್ಪು ರೈಲು ಹತ್ತಿದರು!! ಇದಕ್ಕಾ ನಾವು ಫೀಸು ಕಟ್ಟೋದು? ಎಲ್ಲ ಗುಂಪಿಗೂ ಕಳಿಸಿ 🙏... ಇನ್ನಷ್ಟು ಓದಿ

ದೊಡ್ಡಪ್ಪ: ವೀಣಾ, ಅನನ್ಯಾಳನ್ನೂ ಜಪಾನಿಗೇ ತಾನೆ ಕರ್ಕೊಂಡು ಹೋಗ್ತಿರೋದು? ಮೊದಲು ಇದನ್ನ ಓದು.

ವೀಣಕ್ಕ: ಅಯ್ಯೋ ಅಪ್ಪ, ಅವಳಿಗೂ ಒಂದು ದಿನ ಲೀಡರ್ ಪಾಳಿ ಇದೆ. ಮೀಟಿಂಗಲ್ಲಿ ಹೇಳಿದ್ರು. ನಾನು ಬಾವುಟ ಹಿಡ್ಕೊಂಡು ಮುಂದೆ ನಡೆಯೋದಿರಬೇಕು ಅಂದ್ಕೊಂಡೆ.

ಪ್ರಕಾಶ್ ಚಿಕ್ಕಪ್ಪ: ಯಾವ ಸ್ಕೂಲು, ಯಾವ ತಾರೀಖು, ಬರೆದೋರು ಯಾರು? ಮೂರರಲ್ಲಿ ಒಂದೂ ಇಲ್ಲ. ಅಣ್ಣ, ಬಿಸಿನೀರಿನ ಮೆಸೇಜಿಗೂ ಇದನ್ನೇ ಕೇಳಿದ್ದೆ.

ದೊಡ್ಡಪ್ಪ: ಬಿಸಿನೀರಿಂದು ಕಳಿಸಿದ್ದು ನಾನಲ್ಲ, ನಿನ್ನ ಹೆಂಡತಿ. ಮೇಲೆ ಹೋಗಿ ನೋಡ್ಕೋ.

ಸುಮತ್ತೆ: ನಿಮ್ಮಿಬ್ಬರ ಪಂಚಾಯಿತಿ ಆಮೇಲೆ ಇಟ್ಕೊಳ್ಳಿ. ವೀಣಾ, ಹೆದರಬೇಡ ಕಣೇ. ಲೀಡರ್ ದಿನ ಅಂದ್ರೆ ಬೆಳಿಗ್ಗೆ ಎದ್ದು ಯಾರದೋ ತಲೆಗೆ ಕಟ್ಟೋದಲ್ಲ. ಹಿಂದಿನ ರಾತ್ರಿ ಅರ್ಧ ಗಂಟೆ ಕೂರಿಸಿ ಐದು ಕೆಲಸ ಹಂಚ್ತಾರೆ. ಲೀಡರ್, ದಾರಿ ನೋಡೋಳು, ಗಡಿಯಾರ ನೋಡೋನು, ದುಡ್ಡಿನವಳು, ಎಲ್ಲರಿಗಿಂತ ಹಿಂದೆ ಬರೋನು. ಹಿಂದೆ ಬರೋನ ಬೆನ್ನಿಗೆ ಒಬ್ಬರು ಟೀಚರ್. ಲೀಡರ್ ಕೈಗೆ ದುಡ್ಡು ಕೊಡಲೇಬಾರದು. ಚಿಲ್ಲರೆ ಲೆಕ್ಕದಲ್ಲಿ ತಲೆ ಬಗ್ಗಿಸಿದಳು ಅಂದ್ರೆ ಅತ್ತ ಗುಂಪು ಚದುರಿರುತ್ತೆ.

ಸುಮತ್ತೆ: ಇನ್ನು ಎಣಿಕೆ. ಲೀಡರ್ ಬೆರಳು ತೋರಿಸಿ ತಲೆ ಎಣಿಸೋದು ದಂಡ. 23 ಬಂತು ಅಂತ ಗೊತ್ತಾಗುತ್ತೆ, ಇಲ್ಲದವರು ಯಾರು ಅಂತ ಗೊತ್ತಾಗಲ್ಲ. ಮಕ್ಕಳೇ 1ರಿಂದ 24 ಕೂಗಬೇಕು. 16 ಆದಮೇಲೆ ಸದ್ದಿಲ್ಲ ಅಂದ್ರೆ 17ನೇದು ಕಾಣೆ. ಗೇಟಿನ ಒಳಗೆ ಹೋಗೋ ಮುಂಚೆ ಒಂದ್ಸಲ, ಪ್ಲಾಟ್‌ಫಾರ್ಮಲ್ಲಿ ಒಂದ್ಸಲ, ಇಳಿದ ಮೇಲೆ ಒಂದ್ಸಲ.

ಗಿರೀಶ: ಅತ್ತೆ 😂 ನಮ್ಮನ್ನೆಲ್ಲ ಒಂದೇ ಹಗ್ಗ ಹಿಡಿಸಿ ನಡೆಸಿದ್ದು ನೆನಪಿದ್ಯಾ? ಸಂದೀಪ ಮಧ್ಯದಲ್ಲಿ ಹಗ್ಗ ಬಿಟ್ಟು ಬಲೂನಿನವನ ಹಿಂದೆ ಹೋಗಿದ್ದ. ಎಂಥ ದಿನಗಳು. ಫೋಟೋ ಯಾರ ಹತ್ರ ಇದೆ?

ಪ್ರಕಾಶ್ ಚಿಕ್ಕಪ್ಪ: ಗಿರಿ, ವಿಷಯಕ್ಕೆ ಬಾರಪ್ಪ.

ದೊಡ್ಡಪ್ಪ: ಎಷ್ಟಾದರೂ ಗುರು ಅನ್ನಿಸಿಕೊಂಡವರು ಮುಂದೆ ನಡೀಬೇಕು. ಹದಿನೈದರ ಹುಡುಗಿ ಮುಂದೆ, ಸಂಬಳ ತಗೊಳ್ಳೋರು ಹಿಂದೆ. ಇದು ಯಾವ ಶಿಕ್ಷಣ?

ಸಂದೀಪ: ಮಾವ, ಆ ತಪ್ಪು ರೈಲು ಯಾವುದು ಅಂತ ಒಸಾಕಾದಲ್ಲಿ ಕೂತೇ ಹೇಳ್ತೀನಿ. ಫುಶಿಮಿ ಇನಾರಿ ಬೆಟ್ಟದ ದೇವಸ್ಥಾನಕ್ಕೆ ಹೊರಟಿರ್ತಾರೆ. ಕ್ಯೋಟೋ ಸ್ಟೇಷನ್ನಿಂದ ಜೆಆರ್ (ಜಪಾನ್ ರೈಲ್ವೆ) ನಾರಾ ಲೈನು, 8ರಿಂದ 10ನೇ ಪ್ಲಾಟ್‌ಫಾರ್ಮು. ಎರಡನೇ ಸ್ಟಾಪೇ ಇನಾರಿ, ಐದು ನಿಮಿಷ. ಆದ್ರೆ ಅಲ್ಲಿ ನಿಲ್ಲೋದು ಲೋಕಲ್ ಮಾತ್ರ. ಪಕ್ಕದಲ್ಲೇ ಮಿಯಾಕೊಜಿ ರಾಪಿಡ್ ಅನ್ನೋ ವೇಗದ ರೈಲು ನಿಂತಿರುತ್ತೆ. ಅದೂ ನಾರಾ ಕಡೆಗೇ ಹೋಗೋದು, ಬೋರ್ಡಲ್ಲೂ ನಾರಾ ಅಂತಲೇ ಇರುತ್ತೆ. ದಾರಿ ನೋಡೋಳು ಬೋರ್ಡಲ್ಲಿ ಊರಿನ ಹೆಸರು ಓದ್ತಾಳೆ, ಲೋಕಲ್ಲೋ ರಾಪಿಡ್ಡೋ ಅಂತ ಓದಲ್ಲ. ಆ ರಾಪಿಡ್ ಮೊದಲನೇ ಸ್ಟಾಪು ತೋಫುಕುಜಿಲಿ ನಿಂತು, ಇನಾರಿ ದಾಟಿ ಸೀದಾ ರೊಕುಜಿಜೋ ಸ್ಟೇಷನ್ನು.

ವೀಣಕ್ಕ: ಹಂಗಾದ್ರೆ ಟೀಚರಿಗೆ ಗೊತ್ತಿದ್ದೂ ಹತ್ತಿಸಿದ್ರಾ??

ಸುಮತ್ತೆ: ಹತ್ತಿಸಬೇಕು. ಟೀಚರ್ ಬಾಯಿ ತೆಗೆಯೋ ಮುಂಚೆ ಮೂರೇ ಪ್ರಶ್ನೆ. ಮೈಗೆ ಅಪಾಯ ಇದ್ಯಾ? ವಾಪಸ್ ಬರೋಕಾಗದ ಕಡೆ ಹೋಗುತ್ತಾ? ಮುಂಗಡ ಬುಕ್ ಮಾಡಿದ್ದು ಕೈ ತಪ್ಪುತ್ತಾ? ಮೂರಕ್ಕೂ ಇಲ್ಲ ಅಂದ್ರೆ ಸುಮ್ಮನಿರಬೇಕು. ಅದೇ ಶಿಂಕಾನ್‌ಸೆನ್ (ಬುಲೆಟ್ ರೈಲು) ಆಗಿದ್ರೆ ರಟ್ಟೆ ಹಿಡಿದು ನಿಲ್ಲಿಸಬೇಕು. ಬುಕ್ ಮಾಡಿದ ಸೀಟು ನಿಮಗೋಸ್ಕರ ಕಾಯಲ್ಲ.

ಸಂದೀಪ: ಅಮ್ಮ, ಪುಸ್ತಕದಲ್ಲಿ ಚೆನ್ನಾಗಿದೆ. ನವೆಂಬರ್ ಕೊನೆಗೆ ತೋಫುಕುಜಿ ಪ್ಲಾಟ್‌ಫಾರ್ಮು ನೋಡಿದೀಯಾ? ಮೇಪಲ್ ಎಲೆ ಕೆಂಪಾಗೋ ಹೊತ್ತು, ಕಾಲಿಡೋಕೆ ಜಾಗ ಇರಲ್ಲ. ಅಲ್ಲಿ ಬ್ಯಾಗ್ ಹೊತ್ತ 24 ಮಕ್ಕಳನ್ನ ಇಳಿಸಿದ್ರೆ ನಿನ್ನ ಮೊದಲನೇ ಪ್ರಶ್ನೆಗೆ ಉತ್ತರ ಹೌದು. ಆ ದಿನ ನಾನಾಗಿದ್ರೆ ಕ್ಯೋಟೋದಲ್ಲೇ ನಿಲ್ಲಿಸ್ತಿದ್ದೆ.

ಸುಮತ್ತೆ: ನಿಲ್ಲಿಸು. ಆದ್ರೆ "ಇದು ತಪ್ಪು ರೈಲು" ಅನ್ನಬೇಡ. "ಇನಾರಿಲಿ ನಿಲ್ಲುತ್ತಾ ಅಂತ ಎಲ್ಲಿ ನೋಡಿದೆ?" ಅಂತ ಕೇಳು. ಅವಳೇ ತಿರುಗಿ ಬೋರ್ಡ್ ನೋಡ್ತಾಳೆ.

ಸಂದೀಪ: ಅಷ್ಟೊತ್ತಿಗೆ ಬಾಗಿಲು ಮುಚ್ಚಿ ಅರ್ಧ ಮಕ್ಕಳು ಒಳಗೆ.

ಸುಮತ್ತೆ: ಅದಕ್ಕೂ ರಾತ್ರಿನೇ ಪಾಠ ಆಗಿರಬೇಕು. ಒಳಗಿದ್ದೋರು ಮುಂದಿನ ಸ್ಟಾಪಲ್ಲಿ ಇಳಿದು ಅಲ್ಲೇ ನಿಲ್ಲೋದು, ಹೊರಗಿದ್ದೋರು ಮುಂದಿನ ರೈಲಲ್ಲಿ ಅಲ್ಲಿಗೆ ಹೋಗೋದು. ಇಬ್ಬರೂ ಹುಡುಕೋಕೆ ಹೊರಟರೆ ಇಬ್ಬರೂ ಸಿಗಲ್ಲ. ಎಲ್ಲಾ ಗೊತ್ತಿರೋ ನಿನಗೆ ಐದನೇ ಕ್ಲಾಸಿನ ತನಕ ಶೂ ಲೇಸ್ ಕಟ್ಟಿದ್ದು ನಾನು.

ಗಿರೀಶ: 🍿

ಪ್ರಕಾಶ್ ಚಿಕ್ಕಪ್ಪ: ಒಂದು ನಿಮಿಷ. ಆ ಮೆಸೇಜಲ್ಲಿ "ಇನ್ನಷ್ಟು ಓದಿ" ಒತ್ತಿದೋರು ಯಾರಾದ್ರೂ ಇದೀರಾ? ಕೆಳಗೆ ಹೀಗಿದೆ: "ಹುಡುಗಿ ಬಾಗಿಲ ಮೇಲಿನ ನಕ್ಷೆ ನೋಡಿ ತಾನೇ ತಪ್ಪು ಹಿಡಿದು ಎಲ್ಲರನ್ನೂ ತೋಫುಕುಜಿಯಲ್ಲಿ ಇಳಿಸಿದಳು. ಹಿಂದೆ ಬಂದ ಲೋಕಲ್ ಹಿಡಿದು 15 ನಿಮಿಷ ತಡವಾಗಿ ತಲುಪಿದರು. ಇಂಥ ಪ್ರವಾಸ ಎಲ್ಲ ಮಕ್ಕಳಿಗೂ ಸಿಗಲಿ." ಯಾರೋ ಹೊಗಳಿ ಬರೆದದ್ದಕ್ಕೆ ಇನ್ಯಾರೋ ತಲೆ ಮೇಲೆ ಸೈರನ್ ಅಂಟಿಸಿದ್ದಾರೆ.

ದೊಡ್ಡಪ್ಪ: ನನಗೆ ಕಳಿಸಿದವರು ರಿಟೈರ್ಡ್ ಹೆಡ್‌ಮಾಸ್ಟರು. ಓದದೆ ಕಳಿಸ್ತಾರಾ?

ಪ್ರಕಾಶ್ ಚಿಕ್ಕಪ್ಪ: ನೀನು ಓದಿದೆಯಾ ಅಣ್ಣ?

ದೊಡ್ಡಪ್ಪ: ಚಿಕ್ಕವನಿದ್ದಾಗಿನಿಂದ ನಿನ್ನದು ಇದೇ ಬುದ್ಧಿ. ಹೇಳಿದ್ದು ಬಿಟ್ಟು ಹೇಳಿದವನನ್ನ ಹಿಡ್ಕೊಳ್ಳೋದು.

ಸಂದೀಪ: ದೊಡ್ಡ ಮಾವ, ಇಲ್ಲಿಯ ಸ್ಕೂಲುಗಳಲ್ಲಿ ಇದು ಮಾಮೂಲು. ಪ್ರವಾಸಕ್ಕೆ ಬಂದ ಮಕ್ಕಳನ್ನ ಐದಾರು ಜನರ ಗುಂಪು ಮಾಡಿ ಕ್ಯೋಟೋದಲ್ಲಿ ಬಿಡ್ತಾರೆ. ಪ್ರತಿ ಗುಂಪಿಗೂ ಒಬ್ಬ ಲೀಡರು. ಸ್ಕೂಲ್ ಪ್ರವಾಸದ ಪದ್ಧತಿ ಶುರುವಾಗಿದ್ದೇ 1886ರಲ್ಲಿ, ಟೋಕಿಯೋದ ಶಿಕ್ಷಕರ ತರಬೇತಿ ಶಾಲೆಯವರು ಚಿಬಾ ಕಡೆಗೆ ಕಾಲ್ನಡಿಗೆಯಲ್ಲಿ ಹೋದಾಗಿನಿಂದ ಅಂತ ಲೆಕ್ಕ. ನನ್ನ ತಕರಾರು ಇಷ್ಟೇ, ಆರು ಜನರನ್ನ ನಡೆಸೋದು ಬೇರೆ, 24 ಜನರನ್ನ ನಡೆಸೋದು ಬೇರೆ.

ಸುಮತ್ತೆ: ಅದನ್ನ ಒಪ್ತೀನಿ. 12ರ ಎರಡು ಗುಂಪು, ಎರಡಕ್ಕೂ ಟೀಚರ್.

ವೀಣಕ್ಕ: ದುಡ್ಡಿನ ಕೆಲಸ ಅನನ್ಯಾಗೆ ಬಂದ್ರೆ?

ಸಂದೀಪ: ಬಸ್ಸಲ್ಲೇ ಎಡವೋದು. ಕ್ಯೋಟೋ ಸಿಟಿ ಬಸ್ಸಿಗೆ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದೆ ಇಳಿಯೋವಾಗ ದುಡ್ಡು ಹಾಕ್ಬೇಕು. ನಗರದೊಳಗೆ ದೊಡ್ಡವರಿಗೆ 230 ಯೆನ್, ಈ ವಯಸ್ಸಿನವರಿಗೂ ಅಷ್ಟೇ. ಚಿಲ್ಲರೆ ಮೆಷೀನು 1000 ಯೆನ್ ನೋಟು ತಗೊಳುತ್ತೆ, 5000, 10,000ದ್ದು ತಗೊಳಲ್ಲ. ಹನ್ನೆರಡು ಜನ ಮೆಷೀನ್ ಮುಂದೆ ಪರ್ಸ್ ತಡಕಾಡಿದ್ರೆ ಇಡೀ ಬಸ್ಸು ನಿಂತಿರುತ್ತೆ. ಎಲ್ಲರಿಗೂ ಇಕೋಕಾ ಕಾರ್ಡ್ ಮಾಡಿಸಿ, ಮೊದಲೇ ದುಡ್ಡು ತುಂಬಿಸಿ ಬಸ್ಸು ರೈಲಲ್ಲಿ ತಾಗಿಸೋ ಕಾರ್ಡು. ದುಡ್ಡಿನವಳು ರಾತ್ರಿನೇ ಎಲ್ಲರ ಬ್ಯಾಲೆನ್ಸ್ ಬರ್ಕೋಬೇಕು. ಒಬ್ಬನ ಕಾರ್ಡು ಖಾಲಿ ಅಂತ ಸ್ಟೇಷನ್ ಗೇಟು ಮುಚ್ಚಿದ್ರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು.

ಸುಮತ್ತೆ: ಗಡಿಯಾರದವನಿಗೂ ಒಂದು ಮಾತು. ಇನಾರಿ ಬೆಟ್ಟ 233 ಮೀಟರ್, ಪೂರ್ತಿ ಸುತ್ತಿ ಬರೋಕೆ ಎರಡು ಗಂಟೆ ಹಿಡೀಬೇಕು. ಮಕ್ಕಳು ಹತ್ತೋ ಟೈಮು ಬರೀತಾರೆ, ಇಳಿಯೋದು ಬರೆಯಲ್ಲ. "ಇಷ್ಟು ಗಂಟೆಗೆ ಎಲ್ಲಿದ್ರೂ ತಿರುಗೋದು" ಅಂತ ಚೀಟಿಲಿ ಬರೆಸಬೇಕು.

ಸಂದೀಪ: ತಪ್ಪಿಸಿಕೊಂಡ್ರೆ "ಕ್ಯೋಟೋ ಸ್ಟೇಷನ್ ಹೊರಗೆ ಸಿಗೋಣ" ಅಂತ ಮಾತ್ರ ಹೇಳಬೇಡಿ. ಬಸ್ಸು ಸಿಗೋ ಕರಸುಮ ಕಡೆ ಒಂದು ಬಾಗಿಲು, ಶಿಂಕಾನ್‌ಸೆನ್ ಇರೋ ಹಚಿಜೋ ಕಡೆ ಇನ್ನೊಂದು. ಹೆಸರು ಹೇಳಿ. ಪೊಲೀಸಿಗೆ 110, ಆಂಬುಲೆನ್ಸಿಗೆ 119.

ವೀಣಕ್ಕ: ಪಾಸ್‌ಪೋರ್ಟೆಲ್ಲ ಟೀಚರ್ ಒಂದೇ ಬ್ಯಾಗಲ್ಲಿ ಹೋಟೆಲ್ ಲಾಕರಿನಲ್ಲಿ ಇಡ್ತಾರಂತೆ. ಅದೊಂದು ಸಮಾಧಾನ.

ದೊಡ್ಡಪ್ಪ: ಹಾಂ, ಅದು ಜವಾಬ್ದಾರಿ ಅಂದ್ರೆ.

ಸಂದೀಪ: ಅದು ತಪ್ಪು ಮಾವ. ಇಲ್ಲಿಯ ಕಾನೂನಿನ ಪ್ರಕಾರ ಪ್ರವಾಸಿಗಳು ಪಾಸ್‌ಪೋರ್ಟ್ ಸದಾ ಮೈಮೇಲೆ ಇಟ್ಕೊಂಡಿರಬೇಕು, ಇಲ್ಲಾಂದ್ರೆ 1,00,000 ಯೆನ್‌ವರೆಗೂ ದಂಡ ಹಾಕಬಹುದು. 16 ತುಂಬದವರಿಗೆ ಮಾತ್ರ ವಿನಾಯಿತಿ. ಟೀಚರದ್ದೂ ಲಾಕರಿನಲ್ಲಿ ಅಂದ್ರೆ ಮೊದಲು ಸಿಕ್ಕಿಬೀಳೋರು ಅವರೇ.

ಗಿರೀಶ: ಅನನ್ಯಾ ಬರ್ತ್‌ಡೇ ಯಾವಾಗ ವೀಣಕ್ಕ? ಪ್ರವಾಸದ ಹೊತ್ತಲ್ಲೇ ಅಲ್ವಾ?

ವೀಣಕ್ಕ: ಮೂರನೇ ದಿನ! 16 ತುಂಬುತ್ತೆ. ಅವಳ ಲೀಡರ್ ಪಾಳಿ ನಾಲ್ಕನೇ ದಿನ.

ಸಂದೀಪ: ಹಾಗಾದ್ರೆ ಮೂರನೇ ದಿನ ಬೆಳಿಗ್ಗೆಯಿಂದ ಅವಳದ್ದು ಅವಳ ಹತ್ರ. ಬೆನ್ನಿನ ಬ್ಯಾಗಲ್ಲಿ ಬೇಡ, ಅಂಗಿಯೊಳಗೆ ಕತ್ತಿನ ಪೌಚು.

ಪ್ರಕಾಶ್ ಚಿಕ್ಕಪ್ಪ: ವೀಣಾ, ಇದನ್ನ ಸ್ಕೂಲಿಗೆ ಮೇಲ್ ಮಾಡು. ಉಳಿದ ಮಕ್ಕಳ ಹುಟ್ಟಿದ ತಾರೀಖೂ ನೋಡೋಕೆ ಹೇಳು.

ವೀಣಕ್ಕ: ಬರೀತಿದೀನಿ ಚಿಕ್ಕಪ್ಪ. ಸಂದೀಪ, ಆ ಕಾನೂನಿನ ಸಾಲು ಇಂಗ್ಲಿಷಲ್ಲಿ ಕಳಿಸು, ಹಂಗೇ ಅಂಟಿಸ್ತೀನಿ.