32 ಇಂಚಿನ ಗೇಮಿಂಗ್ ಮಾನಿಟರ್, ಬಜೆಟ್ 20 ಸಾವಿರ: 1080ಪಿ ಸಾಕೋ, 1440ಪಿ ಬೇಕೋ?

ಹುಬ್ಳಿಹುಡ್ಗ
ಎಲ್ಲಾರಿಗೂ ನಮಸ್ಕಾರ್ರಿ. ನನ್ನ 24 ಇಂಚಿನ 1080ಪಿ ಮಾನಿಟರ್‌ನ್ಯಾಗ ಉದ್ದಕ್ಕ ಗೆರಿ ಬರಾಕತ್ತಾವು, ಹೊಸದು ತಗೋಬೇಕು. ಈ ಸಲ ದೊಡ್ಡದ ಬೇಕು, 32 ಇಂಚು. ಬಜೆಟ್ 20 ಸಾವಿರ, ಭಾಳ ಅಂದ್ರ ಇನ್ನೊಂದೆರಡು ಸಾವಿರ ಹಾಕಬಹುದು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, 12 ಜಿಬಿ. ರಾತ್ರಿ ನಾನು ಕಥಿ ಇರೋ ಆಟ ಆಡ್ತೀನಿ, ತಮ್ಮ ವ್ಯಾಲೊರೆಂಟ್ ಆಡ್ತಾನ. ಹಗಲೊತ್ತು ಅದರ ಮ್ಯಾಲೇ ಎಕ್ಸೆಲ್, ಟ್ಯಾಲಿ. ಟೇಬಲ್ ಗ್ವಾಡಿಯಿಂದ ಎರಡು ಅಡಿ ಐತಿ.

ನೋಡಿಟ್ಟಿದ್ದು ಮೂರು: 32 ಇಂಚು 1080ಪಿ ಕರ್ವ್ಡ್, 32 ಇಂಚು 1440ಪಿ ವಿಎ (ಒಂದು ಬಗಿ ಪ್ಯಾನೆಲ್), ಇಲ್ಲಾಂದ್ರ 43 ಇಂಚಿನ 4ಕೆ ಟಿವಿ. ಅಂಗಡ್ಯಾವ್ರು ಮೊದಲನೇದ್ದ ತಗೋ ಅಂತಾರ, ಅದ ಅಗ್ಗ. ಏನ್ ಮಾಡ್ಲಿ ಹೇಳ್ರಿ.

ಪಿಕ್ಸೆಲ್‌ಪ್ರಿಯ
ಮೊದಲನೆಯದನ್ನು ದಯವಿಟ್ಟು ಬಿಟ್ಟುಬಿಡಿ. 1080ಪಿ ಅಂದರೆ ಒಟ್ಟು 20.7 ಲಕ್ಷ ಪಿಕ್ಸೆಲ್. ಅಷ್ಟನ್ನೇ 32 ಇಂಚಿಗೆ ಹರಡಿದರೆ ಒಂದು ಇಂಚಿಗೆ 69 ಪಿಕ್ಸೆಲ್ ಮಾತ್ರ ಸಿಗುತ್ತದೆ. ಈಗಿನ ನಿಮ್ಮ 24 ಇಂಚಿನಲ್ಲಿ 92 ಇದೆ. ಆಟದಲ್ಲಿ ಹೇಗೋ ಸಹಿಸಿಕೊಳ್ಳಬಹುದು, ಆದರೆ ಎರಡಡಿ ದೂರದಲ್ಲಿ ಕೂತು ದಿನವಿಡೀ ಎಕ್ಸೆಲ್ ಅಂಕಿ ಓದುವುದು ಕಣ್ಣಿಗೆ ಹಿಂಸೆ.

1440ಪಿಯಲ್ಲಿ 36.9 ಲಕ್ಷ ಪಿಕ್ಸೆಲ್ ಇರುವುದರಿಂದ 32 ಇಂಚಿನಲ್ಲೂ ಇಂಚಿಗೆ ಅದೇ 92 ಬರುತ್ತದೆ. ಅಂದರೆ ಅಕ್ಷರಗಳ ಗಾತ್ರ, ಸ್ಪಷ್ಟತೆ ಎರಡೂ ಈಗಿನಂತೆಯೇ ಇರುತ್ತವೆ, ಜಾಗ ಮಾತ್ರ ಹೆಚ್ಚಾಗುತ್ತದೆ. ಸ್ಕೇಲಿಂಗ್ (ಅಕ್ಷರ ಹಿಗ್ಗಿಸುವ ಸೆಟ್ಟಿಂಗ್) 100%ರಲ್ಲೇ ಬಿಡಬಹುದು. 27 ಇಂಚಿನ 1440ಪಿ ತಗೊಂಡರೆ 109, ಇನ್ನೂ ನಯ. ದೊಡ್ಡದೇ ಬೇಕು ಅಂದಿದ್ದೀರಿ, ಹಾಗಾಗಿ 32 ತಪ್ಪಲ್ಲ.

3060ಕ್ಕೆ 1440ಪಿ ಭಾರ ಆಗುತ್ತದಾ ಅಂತ ಮುಂದಿನ ಪ್ರಶ್ನೆ ಬರಬಹುದು. ಹೊಸ ದೊಡ್ಡ ಆಟಗಳಲ್ಲಿ ಹೌದು, ಎಲ್ಲವನ್ನೂ ಅಲ್ಟ್ರಾದಲ್ಲಿ ಇಡಲು ಆಗದು. ಆದರೆ ಡಿಎಲ್‌ಎಸ್‌ಎಸ್ ಇದೆಯಲ್ಲ, ಚಿಕ್ಕ ಚಿತ್ರವನ್ನು ಹಿಗ್ಗಿಸಿಕೊಡುವ ಎನ್ವಿಡಿಯಾ ತಂತ್ರ. 1440ಪಿ ಪರದೆಯಲ್ಲಿ ಅದನ್ನು ಕ್ವಾಲಿಟಿಯಲ್ಲಿ ಇಟ್ಟರೆ ಕಾರ್ಡ್ ಒಳಗೊಳಗೆ ಬಿಡಿಸುವುದು 960ಪಿ ಮಾತ್ರ, ಉಳಿದದ್ದನ್ನು ಅದೇ ತುಂಬಿಕೊಡುತ್ತದೆ. ವ್ಯಾಲೊರೆಂಟ್ ಬಗ್ಗೆ ಚಿಂತೆಯೇ ಬೇಡ, ಹಗುರವಾದ ಆಟ.

ಟಿವಿ: 4ಕೆ ಅಂದರೆ 83 ಲಕ್ಷ ಪಿಕ್ಸೆಲ್, ಅದು ನಿಮ್ಮ ಕಾರ್ಡಿಗೆ ಹೆಚ್ಚು. ಆ ಬೆಲೆಯ ಟಿವಿಗಳು ಸಾಮಾನ್ಯವಾಗಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಾಗುತ್ತದೆ. ಗೇಮ್ ಮೋಡ್ ಹಾಕದಿದ್ದರೆ ಮೌಸ್ ಆಡಿಸಿದ್ದು ಪರದೆಯಲ್ಲಿ ತಡವಾಗಿ ಕಾಣುತ್ತದೆ. ತಮ್ಮ ಒಂದೇ ದಿನದಲ್ಲಿ ಜಗಳ ತೆಗೆಯುತ್ತಾನೆ.

ಕಡಲೂರ ಗೇಮರ್
ನಾನು ಒಪ್ಪೋದಿಲ್ಲ ಮಾರ್ರೆ. ಟೇಬಲ್ ಎರಡಡಿ ಅಂದ್ರೆ, ಮಾನಿಟರ್‌ನ ವಿ ಆಕಾರದ ಸ್ಟ್ಯಾಂಡೇ ಮುಕ್ಕಾಲಡಿ ನುಂಗ್ತದೆ. ಮೂಗಿನ ತುದಿಗೆ ಪರದೆ ಬರ್ತದೆ. ಶೂಟಿಂಗ್ ಆಟಕ್ಕೆ ಕತ್ತು ಆಚೆ ಈಚೆ ತಿರುಗಿಸ್ಲಿಕ್ಕುಂಟು. 27 ಇಂಚಿನ ಐಪಿಎಸ್ ತಗೊಳ್ಳಿ, ಅದು ಇನ್ನೊಂದು ಬಗೆಯ ಪ್ಯಾನೆಲ್. ವಿಎಯಲ್ಲಿ ಕತ್ತಲ ದೃಶ್ಯ ಓಡುವಾಗ ಕಪ್ಪು ಬಣ್ಣ ಹಿಂದೆ ಎಳ್ಕೊಂಡು ಬರ್ತದೆ, ತಮ್ಮನಿಗೆ ಅದು ಆಗಿಬರುದಿಲ್ಲ.

ಪಿಕ್ಸೆಲ್‌ಪ್ರಿಯ
ಸ್ಟ್ಯಾಂಡಿನ ಮಾತು ನೂರಕ್ಕೆ ನೂರು ಸರಿ. ಹುಬ್ಳಿಹುಡ್ಗ, ದುಡ್ಡು ಕೊಡುವ ಮುಂಚೆ ಹಳೇ ರಟ್ಟಿನ ಡಬ್ಬ ಬಿಚ್ಚಿ 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಟೇಬಲ್ ಮೇಲೆ ನಿಲ್ಲಿಸಿ ನೋಡಿ, ಅದು 32 ಇಂಚು. 27 ಇಂಚಿಗೆ 60 × 34. ಅದರ ಮುಂದೆ ಅರ್ಧ ಗಂಟೆ ಕೂತರೆ ನಿಮಗೇ ತಿಳಿಯುತ್ತದೆ. ದೊಡ್ಡದೇ ಹಿಡಿಸಿದರೆ ಗೋಡೆಗೆ ವೆಸಾ ಬ್ರಾಕೆಟ್ ಹಾಕಿಸಿ, ಟೇಬಲ್ ಪೂರ್ತಿ ಉಳಿಯುತ್ತದೆ. ಮಾನಿಟರ್ ಹಿಂದೆ 75 ಅಥವಾ 100 ಮಿ.ಮೀ. ತೂತುಗಳಿವೆಯಾ ಅಂತ ಮೊದಲೇ ನೋಡಿಕೊಳ್ಳಿ.

ವಿಎ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಅದರ ಕಾಂಟ್ರಾಸ್ಟ್ (ಬಿಳುಪಿಗೂ ಕಪ್ಪಿಗೂ ಇರುವ ಅಂತರ) ಸುಮಾರು 3000:1, ಮಾಮೂಲಿ ಐಪಿಎಸ್‌ದು 1000:1. ರಾತ್ರಿ ದೀಪ ಆರಿಸಿ ಕಥೆಯ ಆಟ ಆಡುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಐಪಿಎಸ್‌ನಲ್ಲಿ ಕಪ್ಪು ಬೂದಿಯಾಗಿ, ಮೂಲೆಗಳು ಮಂದವಾಗಿ ಹೊಳೆಯುತ್ತವೆ. ಮನೆಯಲ್ಲಿ ಶೂಟಿಂಗ್ ಆಟವೇ ಹೆಚ್ಚಾದರೆ ಮಾತ್ರ ಐಪಿಎಸ್.

ಡಬ್ಬದ ಮೇಲಿನ ಎರಡು ಮಾತಿಗೆ ದುಡ್ಡು ಕೊಡಬೇಡಿ. "1 ಎಂಎಸ್" ಪಕ್ಕ ಎಂಪಿಆರ್‌ಟಿ ಅಂತಿದ್ದರೆ ಅದು ಹಿಂಬದಿಯ ಬೆಳಕನ್ನು ಮಿನುಗಿಸಿ ಪಡೆದ ಸಂಖ್ಯೆ, ಪಿಕ್ಸೆಲ್ ಬಣ್ಣ ಬದಲಿಸುವ ವೇಗವಲ್ಲ. "ಎಚ್‌ಡಿಆರ್10" ಅಂದರೆ ಬೆಳಕು-ಕತ್ತಲ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರದ ಸಿಗ್ನಲ್ ತೆಗೆದುಕೊಳ್ಳುತ್ತದೆ ಅಂತ ಅಷ್ಟೇ. ಈ ಬೆಲೆಯಲ್ಲಿ ನಿಜವಾದ ಎಚ್‌ಡಿಆರ್ ನಿರೀಕ್ಷಿಸುವ ಹಾಗಿಲ್ಲ.

ಬಿಟ್‌ಬೈಟ್
ಒಂದು ಮಾಹಿತಿ: 32 ಇಂಚು ಮೀರಿದ ಮಾನಿಟರ್‌ಗೆ ಇದ್ದ 28% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿದಿದೆ. 34 ಇಂಚಿನ ಅಲ್ಟ್ರಾವೈಡ್ ಕೂಡ ಒಮ್ಮೆ ವಿಚಾರಿಸಿ. ಆದರೆ ಅದು 49.5 ಲಕ್ಷ ಪಿಕ್ಸೆಲ್, 3060 ಏದುಸಿರು ಬಿಡುತ್ತದೆ.

ಹುಬ್ಳಿಹುಡ್ಗ
ರಟ್ಟು ಕತ್ತರಿಸಿ ನಿಲ್ಲಿಸಿ ನೋಡಿದ್ವಿ. ಅವ್ವಾನೂ ಛಲೋ ಕಾಣ್ತೈತಿ ಅಂದ್ಳು! 32 ಇಂಚಿನ 1440ಪಿ ವಿಎ, 165 ಹರ್ಟ್ಸ್ ತಂದು ಗ್ವಾಡಿಗೆ ಹಾಕ್ಸೀನಿ. ಅಕ್ಷರ ಸ್ವಚ್ಛ ಅದಾವು. ಆದ್ರ ಎರಡು ತ್ರಾಸು. ಹಳೇ ಎಚ್‌ಡಿಎಂಐ ಕೇಬಲ್ ಹಚ್ಚೀನಿ, ಪಟ್ಟಿಯೊಳಗ 144 ಮಟಾನ ಐತಿ, 165 ಇಲ್ಲ. ಮತ್ತ ಕತ್ತಲ ಗುಹೆಯೊಳಗ ಓಡಿದ್ರ ಗ್ವಾಡಿ ಅಂಚಿಗೆ ಬೆಳ್ಳನ ನೆರಳು ಬರ್ತೈತಿ.

ಪಿಕ್ಸೆಲ್‌ಪ್ರಿಯ
ಕೇಬಲ್ ಬದಲಿಸಿ. ನಿಮ್ಮ ಕಾರ್ಡಿನಲ್ಲಿ ಎಚ್‌ಡಿಎಂಐ 2.1 ಇದ್ದರೂ ಮಾನಿಟರ್‌ನ ತೂತು ಬಹುಶಃ 2.0 ಇರಬೇಕು, ಅದರಲ್ಲಿ 1440ಪಿಗೆ 144 ಹರ್ಟ್ಸ್ ಮಾಮೂಲಿ ಮಿತಿ. ಡಬ್ಬದಲ್ಲಿ ಡಿಸ್‌ಪ್ಲೇಪೋರ್ಟ್ ಕೇಬಲ್ ಇದೆಯಾ ಹುಡುಕಿ, ಗ್ರಾಫಿಕ್ಸ್ ಕಾರ್ಡಿಗೇ ಹಾಕಿ, ಮದರ್‌ಬೋರ್ಡಿನ ತೂತಿಗಲ್ಲ. ಆಮೇಲೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 165 ನೀವೇ ಆರಿಸಬೇಕು, ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ. ಇನ್ನೊಂದು ಲಾಭವೂ ಇದೆ: ಫ್ರೀಸಿಂಕ್ ಮಾನಿಟರ್‌ನಲ್ಲಿ ಎನ್ವಿಡಿಯಾದ ಜಿ-ಸಿಂಕ್ ಕಂಪ್ಯಾಟಿಬಲ್ (ಕಾರ್ಡಿನ ವೇಗಕ್ಕೆ ಪರದೆಯ ಹರ್ಟ್ಸ್ ಹೊಂದಿಸುವ ಸೌಲಭ್ಯ) ಬಳಸಲು ನೆಚ್ಚಿಕೊಳ್ಳಬಹುದಾದ ದಾರಿ ಡಿಸ್‌ಪ್ಲೇಪೋರ್ಟ್. 2019ರ ಜನವರಿಯಿಂದ ಆ ಸೌಲಭ್ಯ ಇದೆ.

ಬಿಳಿ ನೆರಳು ಪ್ಯಾನೆಲ್‌ನ ದೋಷ ಅಲ್ಲ. ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ಮಾಡುವ ಸೆಟ್ಟಿಂಗ್) ಬಹುಶಃ ತುದಿಗೆ ಇಟ್ಟಿರಬೇಕು. ಒಂದು ಅಥವಾ ಎರಡು ಮೆಟ್ಟಿಲು ಇಳಿಸಿ. ಕಪ್ಪು ಎಳೆ ಒಂಚೂರು ಉಳಿಯುತ್ತದೆ, ವಿಎಯಲ್ಲಿ ಅದು ಪೂರ್ತಿ ಹೋಗದು.

ಹುಬ್ಳಿಹುಡ್ಗ
165 ಬಂತ್ರಿ! ಓವರ್‌ಡ್ರೈವ್ ನಡುವಿಗೆ ಇಟ್ಟೆ, ಬೆಳ್ಳನ ನೆರಳು ಹೋತು. ತಮ್ಮಗೂ ತಕರಾರಿಲ್ಲ. ಮುಂದ ಪಿಎಸ್5 ತಗೊಂಡ್ರ ಇದಕ್ಕ 1440ಪಿ ಬರ್ತೈತೇನ್ರಿ?

ಪಿಕ್ಸೆಲ್‌ಪ್ರಿಯ
ಬರುತ್ತದೆ. 2022ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಪಿಎಸ್5 1440ಪಿ ಕೊಡುತ್ತಿದೆ, ಗರಿಷ್ಠ 120 ಹರ್ಟ್ಸ್, ಅದೂ ಆಟ ಒಪ್ಪಿದರೆ. ವಿಆರ್‌ಆರ್ (ಆಟದ ವೇಗಕ್ಕೆ ಪರದೆಯ ಹರ್ಟ್ಸ್ ಹೊಂದಿಸುವುದು) ಮಾತ್ರ ಎಚ್‌ಡಿಎಂಐ 2.1ರ ಬಗೆಯದನ್ನೇ ಕೇಳುತ್ತದೆ, ನಿಮ್ಮ 2.0 ತೂತಿನಲ್ಲಿ ಅದನ್ನು ನೆಚ್ಚಬೇಡಿ. ಪಿಸಿ ಡಿಸ್‌ಪ್ಲೇಪೋರ್ಟ್‌ನಲ್ಲೇ ಇರಲಿ, ಪಿಎಸ್5ಕ್ಕೆ ಅದರ ಡಬ್ಬದಲ್ಲೇ ಒಳ್ಳೆಯ ಕೇಬಲ್ ಬರುತ್ತದೆ.